ದೂರು ಕೇಳುವವರ ಕೈಗೆ ಅಧಿಕಾರ ಕೊಡಿ: ದೊಡ್ಡ ಮಳಿಗೆಗಳ ಆಡಳಿತಕ್ಕೊಂದು ಬಹಿರಂಗ ಪತ್ರ

ಇವರಿಗೆ:
ದೊಡ್ಡ ಸರಣಿ ಮಳಿಗೆಗಳ ಮತ್ತು ಆನ್‌ಲೈನ್ ಮಾರುಕಟ್ಟೆಗಳ ಆಡಳಿತದವರು

ಪ್ರತಿ:
ಸಣ್ಣ ಅಂಗಡಿ ನಡೆಸುವವರಿಗೆ, ಆನ್‌ಲೈನ್‌ನಲ್ಲಿ ಸ್ವಂತವಾಗಿ ಮಾರುವವರಿಗೆ

ವಿಷಯ: ಮಾರಿದ ಮೇಲೆ ಗ್ರಾಹಕರನ್ನು ಕೈಬಿಡುತ್ತಿರುವ ಬಗ್ಗೆ

ಮಾನ್ಯರೇ,

ನಿಮ್ಮಲ್ಲಿ ಕೊಳ್ಳುವುದು ಬಹಳ ಸುಲಭ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬೆಲೆ ಎದುರಿಗೇ ಕಾಣುತ್ತದೆ. ಹತ್ತು ಬಗೆಯ ಸರಕನ್ನು ಹೋಲಿಸಿ ನೋಡಬಹುದು. ದುಡ್ಡು ಕೊಡುವುದಕ್ಕೆ ಒಂದು ನಿಮಿಷವೂ ಬೇಡ. ಈ ಅನುಕೂಲವನ್ನು ನಾನೂ ಸಾಕಷ್ಟು ಬಳಸಿದ್ದೇನೆ, ಮುಂದೆಯೂ ಬಳಸುತ್ತೇನೆ. ನನ್ನ ತಕರಾರು ಇರುವುದು ದುಡ್ಡು ಕೊಟ್ಟ ಮೇಲೆ ಏನಾಗುತ್ತದೆ ಅನ್ನುವುದರ ಬಗ್ಗೆ. ಕೊಳ್ಳುವವರೆಗೆ ಒಂದೇ ಸಂಸ್ಥೆಯಾಗಿ ಕಾಣುವ ನೀವು, ಸರಕು ಕೈಕೊಟ್ಟ ಕೂಡಲೇ ಹತ್ತಾರು ತುಂಡಾಗಿಬಿಡುತ್ತೀರಿ. ಮಾರಿದವರು ಒಬ್ಬರು, ತಲುಪಿಸಿದವರು ಇನ್ನೊಬ್ಬರು, ರಿಪೇರಿಯವರು ಮತ್ತೊಬ್ಬರು, ಫೋನ್ ಎತ್ತುವವರು ಬೇರೆಯದೇ ಕಂಪನಿಯವರು.

ನಡೆದದ್ದನ್ನು ಹೇಳುತ್ತೇನೆ. ನಿಮ್ಮಂಥದ್ದೇ ಒಂದು ದೊಡ್ಡ ಮಳಿಗೆಯಿಂದ ಮನೆಗೆ ಫ್ರಿಜ್ ತಂದೆವು. ಮಳಿಗೆಯ ಹೆಸರು ಬೇಡ. ಹೆಸರು ಬದಲಾಯಿಸಿದರೂ ಕಥೆಯಲ್ಲಿ ಒಂದಕ್ಷರ ಬದಲಾಗುವುದಿಲ್ಲ. ಬಂದ ಫ್ರಿಜ್‌ನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ಬಾಗಿಲ ಸುತ್ತ ಇರುವ ರಬ್ಬರ್ ಕೆಳಗಿನ ಮೂಲೆಯಲ್ಲಿ ಮಡಚಿಕೊಂಡಿತ್ತು. ಹೊರಗಿನ ಗಾಳಿ ನುಗ್ಗಿ ಒಳಗೆಲ್ಲ ನೀರು ಕಟ್ಟುತ್ತಿತ್ತು, ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತಿತ್ತು. ಮಳಿಗೆಗೆ ಹೋದೆ. ನನಗೆ ಫ್ರಿಜ್ ತೋರಿಸಿ ಮಾರಿದ ಹುಡುಗ ಆ ಮಳಿಗೆಯ ನೌಕರನೇ ಅಲ್ಲ, ಬ್ರ್ಯಾಂಡಿನವರು ನಿಲ್ಲಿಸಿದ ಪ್ರೊಮೋಟರ್ ಅಂತ ಆಗ ಗೊತ್ತಾಯಿತು. ಕೌಂಟರಿನಲ್ಲಿದ್ದವರು “ಸರ್ವಿಸ್‌ಗೆ ಕಂಪನಿಗೇ ಫೋನ್ ಮಾಡ್ಬೇಕು ಸರ್” ಅಂದರು. ಕಂಪನಿಗೆ ಮಾಡಿದರೆ “ಡೆಲಿವರಿಯಲ್ಲಿ ಆದ ಡ್ಯಾಮೇಜ್ ನಮಗೆ ಬರಲ್ಲ, ಅಂಗಡಿಯವರನ್ನೇ ಕೇಳಿ” ಅಂದರು. ಮತ್ತೆ ಮಳಿಗೆಗೆ ಹೋದರೆ ಅಲ್ಲಿನ ಮ್ಯಾನೇಜರ್ ಪಾಪ, ನನ್ನ ಫೋಟೋಗಳನ್ನೆಲ್ಲ ನೋಡಿದರು, ತಪ್ಪು ಅಂತ ಒಪ್ಪಿಕೊಂಡರು. ಕೊನೆಗೆ “ನಮ್ಮ ಕೈಯಲ್ಲಿ ಏನೂ ಇಲ್ಲ, ಸಿಸ್ಟಮ್ ಬಿಡ್ತಾ ಇಲ್ಲ” ಅಂದರು.

ಅಷ್ಟರಲ್ಲಿ ಮೊಬೈಲಿಗೊಂದು ಮೆಸೇಜ್ ಬಂತು. ನಿಮ್ಮ ದೂರನ್ನು ಪರಿಹರಿಸಲಾಗಿದೆ, ದಯವಿಟ್ಟು ರೇಟಿಂಗ್ ಕೊಡಿ!

ಆ ರೇಟಿಂಗ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಅದರಲ್ಲಿ ಕೇಳಿದ್ದು “ನಿಮ್ಮ ಜೊತೆ ಮಾತಾಡಿದ ಪ್ರತಿನಿಧಿ ಹೇಗಿದ್ದರು” ಅಂತ. ಫ್ರಿಜ್ ಏನಾಯಿತು ಅಂತ ಅಲ್ಲ. ಆ ಪ್ರತಿನಿಧಿ ಚೆನ್ನಾಗಿಯೇ ಮಾತಾಡಿದ್ದರು. ಕಡಿಮೆ ನಕ್ಷತ್ರ ಕೊಟ್ಟರೆ ಅವರ ಹೊಟ್ಟೆ ಮೇಲೆ ಹೊಡೆದಂತೆ. ಜಾಸ್ತಿ ಕೊಟ್ಟರೆ “ಗ್ರಾಹಕ ಸಂತೃಪ್ತ” ಅಂತ ನಿಮ್ಮ ಲೆಕ್ಕಕ್ಕೆ ಸೇರುತ್ತದೆ. ನಿಮ್ಮ ಮೇಲಿನ ನನ್ನ ಸಿಟ್ಟನ್ನು ಹಾಕಲು ಆ ಫಾರಂನಲ್ಲಿ ಜಾಗವೇ ಇರಲಿಲ್ಲ. ತಿಂಗಳ ಕೊನೆಗೆ ನಿಮ್ಮ ಮೇಜಿಗೆ ಬರುವ ವರದಿಯಲ್ಲಿ ನನ್ನ ದೂರು ಬಗೆಹರಿದ ದೂರು, ನಾನು ಖುಷಿಯಾಗಿರುವ ಗ್ರಾಹಕ. ನಿಮಗೆ ನಿಜ ಗೊತ್ತಾಗುವುದಾದರೂ ಹೇಗೆ?

ನಾನು ನಿಮ್ಮ ನೌಕರರ ಮೇಲೆ ದೂರು ಹೇಳುತ್ತಿಲ್ಲ. ಈ ಓಡಾಟದಲ್ಲಿ ನನಗೆ ಸಿಕ್ಕ ಬಹುತೇಕರು ಸಹಾಯ ಮಾಡಬೇಕು ಅಂತಲೇ ಇದ್ದವರು. ಆದರೆ ಕಾಲ್ ಸೆಂಟರಿನಲ್ಲಿ ಕೂತವರನ್ನು ನೀವು ಅಳೆಯುವುದು ಒಂದು ಕರೆಗೆ ಸರಾಸರಿ ಎಷ್ಟು ಹೊತ್ತು ತೆಗೆದುಕೊಂಡರು ಅನ್ನುವುದರಿಂದ. ಕರೆ ಬೇಗ ಮುಗಿಯಬೇಕು. ಬೇಗ ಮುಗಿಸಲು ಅತಿ ಸುಲಭದ ದಾರಿ ಇನ್ನೊಂದು ವಿಭಾಗಕ್ಕೆ ದಾಟಿಸುವುದು, ಇಲ್ಲವೇ ದೂರನ್ನು “ಕ್ಲೋಸ್” ಮಾಡುವುದು. ಅವರು ಮಾಡುತ್ತಿರುವುದು ನೀವು ಹೇಳಿಕೊಟ್ಟ ಕೆಲಸವನ್ನೇ. ಕೇಳುವವರಿಗೆ ನಿರ್ಧರಿಸುವ ಹಕ್ಕಿಲ್ಲ. ನಿರ್ಧರಿಸುವವರ ಕಿವಿಗೆ ದೂರು ಬೀಳುವುದೇ ಇಲ್ಲ. ನನ್ನ ಪತ್ರದ ಮುಖ್ಯ ಮಾತು ಇಷ್ಟೇ.

“ಎಂದಿಗಿಂತ ಜಾಸ್ತಿ ಕರೆಗಳು ಬರುತ್ತಿವೆ, ದಯವಿಟ್ಟು ಕಾಯಿರಿ” ಅಂತ ನಿಮ್ಮ ಯಂತ್ರ ಹೇಳುತ್ತದೆ. ಬೆಳಿಗ್ಗೆ ಮಾಡಿದರೂ ಅದೇ, ರಾತ್ರಿ ಮಾಡಿದರೂ ಅದೇ. ಎಲ್ಲ ಹೊತ್ತಿನಲ್ಲೂ ಎಂದಿಗಿಂತ ಜಾಸ್ತಿ ಇರುವುದು ಹೇಗೆ ಸಾಧ್ಯ ಸ್ವಾಮಿ? ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಅಗ್ನರ್ ಎರ್ಲಾಂಗ್ ಎಂಬ ಗಣಿತಜ್ಞ 1909ರಲ್ಲೇ ಕರೆಗಳು ಹೇಗೆ ಬಂದು ಬೀಳುತ್ತವೆ ಅನ್ನುವ ಲೆಕ್ಕವನ್ನು ಬರೆದಿಟ್ಟರು. ಮುಂದೆ ಅದರಿಂದ ಬೆಳೆದ ಸೂತ್ರಗಳನ್ನೇ ಇವತ್ತಿನ ಕಾಲ್ ಸೆಂಟರುಗಳೂ ಬಳಸುತ್ತವೆ. ಇಷ್ಟು ಕರೆ ಬಂದರೆ, ಇಷ್ಟು ಜನ ಕೂತರೆ, ಗ್ರಾಹಕ ಇಷ್ಟು ಹೊತ್ತು ಕಾಯಬೇಕಾಗುತ್ತದೆ ಅಂತ ಮೊದಲೇ ತಿಳಿಯಬಹುದು. ನೂರರಲ್ಲಿ 80 ಕರೆಗಳನ್ನು 20 ಸೆಕೆಂಡಿನೊಳಗೆ ಎತ್ತಬೇಕು ಅನ್ನುವುದು ಆ ಉದ್ಯಮದಲ್ಲಿ ಬಹಳ ಕಾಲದಿಂದ ಓಡಾಡುತ್ತಿರುವ ಗುರಿ. ಅಂದರೆ ನಾವು ಕಾಯುವ ಹೊತ್ತು ಆಕಸ್ಮಿಕವಲ್ಲ. ಯಾರೋ ಕೂತು ಲೆಕ್ಕ ಹಾಕಿ, ಇಷ್ಟು ಕಾದರೆ ಪರವಾಗಿಲ್ಲ ಅಂತ ಒಪ್ಪಿ ಸಹಿ ಮಾಡಿದ ಹೊತ್ತು ಅದು.

ನಿಮ್ಮ ಕಡೆಯ ವಾದವೂ ನನಗೆ ಗೊತ್ತು. ಕಡಿಮೆ ಬೆಲೆಗೆ ಕೊಡಬೇಕಾದರೆ ಜನರನ್ನು ಕಡಿಮೆ ಮಾಡಲೇಬೇಕು ಅನ್ನುತ್ತೀರಿ. ಇದು ಹಳೆಯ ಒಪ್ಪಂದ. 1916ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ ಪಿಗ್ಲಿ ವಿಗ್ಲಿ ಅನ್ನುವ ಅಂಗಡಿ ತೆರೆದ. ಅಲ್ಲಿಯವರೆಗೆ ಕೌಂಟರಿನ ಹಿಂದೆ ನಿಂತ ಗುಮಾಸ್ತ ಸರಕು ತೆಗೆದುಕೊಡುವುದೇ ರೂಢಿಯಾಗಿತ್ತು. ಸಾಂಡರ್ಸ್ ಗ್ರಾಹಕರ ಕೈಗೆ ಬುಟ್ಟಿ ಕೊಟ್ಟು, ನೀವೇ ಆರಿಸಿಕೊಳ್ಳಿ ಅಂದ. ಗುಮಾಸ್ತರ ಖರ್ಚು ಇಳಿಯಿತು, ಬೆಲೆಯೂ ಇಳಿಯಿತು. ಗ್ರಾಹಕ ಸ್ವಲ್ಪ ಕೆಲಸ ಮಾಡಿದ, ಅದರ ಪಾಲು ಅವನಿಗೂ ಸಿಕ್ಕಿತು. ನ್ಯಾಯವಾದ ವ್ಯವಹಾರ. ಈಗ ನಾವು ಆರಿಸುತ್ತೇವೆ, ನಾವೇ ಸ್ಕ್ಯಾನ್ ಮಾಡುತ್ತೇವೆ, ನಾವೇ ಚೀಲಕ್ಕೆ ತುಂಬುತ್ತೇವೆ. ಕೆಟ್ಟರೆ ನಾವೇ ಫೋಟೋ ತೆಗೆದು, ನಾವೇ ಆ್ಯಪಿಗೆ ಹಾಕಿ, ನಾವೇ ಯಾವ ವಿಭಾಗದ ತಪ್ಪು ಅಂತ ಹುಡುಕುತ್ತೇವೆ. ಈ ಹೊಸ ದುಡಿಮೆಯ ಪಾಲು ನಮಗೆ ಎಲ್ಲಿ ಬಂತು? ಇಂಗ್ಲೆಂಡಿನ ಉತ್ತರ ಭಾಗದ ಬೂತ್ಸ್ ಅನ್ನುವ ಸೂಪರ್ ಮಾರ್ಕೆಟ್ 2023ರಲ್ಲಿ ತನ್ನ 28 ಮಳಿಗೆಗಳ ಪೈಕಿ ಎರಡನ್ನು ಬಿಟ್ಟು ಉಳಿದ ಕಡೆ ಗ್ರಾಹಕರೇ ಬಿಲ್ ಮಾಡಿಕೊಳ್ಳುವ ಯಂತ್ರಗಳನ್ನು ತೆಗೆದುಹಾಕುವುದಾಗಿ ಹೇಳಿತು. ಮತ್ತೆ ಮನುಷ್ಯರನ್ನು ಕೂರಿಸಲು ಹೊರಟಿತು. ಹಿಂದಕ್ಕೆ ಬರಲು ಆಗುವುದೇ ಇಲ್ಲ ಅನ್ನುವ ಮಾತು ಸುಳ್ಳು.

ಜನರನ್ನು ಕಡಿಮೆ ಮಾಡಿದರೆ ಏನಾಗಬಹುದು ಅನ್ನುವುದಕ್ಕೂ ಉದಾಹರಣೆ ಇದೆ. ಅಮೆರಿಕದ ಸರ್ಕಿಟ್ ಸಿಟಿ ಒಂದು ಕಾಲದಲ್ಲಿ ಎಲೆಕ್ಟ್ರಾನಿಕ್ಸ್ ಮಾರುವ ಬಹುದೊಡ್ಡ ಸರಣಿ. 2007ರ ಮಾರ್ಚ್‌ನಲ್ಲಿ ಅದು ಸುಮಾರು 3,400 ನೌಕರರನ್ನು ಒಟ್ಟಿಗೆ ತೆಗೆಯಿತು. ಅವರು ಮಾಡಿದ ತಪ್ಪೇನೂ ಇರಲಿಲ್ಲ, ಸಂಬಳ ಜಾಸ್ತಿ ಇತ್ತು ಅಷ್ಟೇ. ಅವರ ಜಾಗಕ್ಕೆ ಕಡಿಮೆ ಸಂಬಳದವರು ಬಂದರು. 2008ರ ನವೆಂಬರ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಮರುವರ್ಷ ಮಳಿಗೆಗಳೆಲ್ಲ ಮುಚ್ಚಿದವು. ಆರ್ಥಿಕ ಹಿಂಜರಿತವೂ ಇತ್ತು, ಪೈಪೋಟಿಯೂ ಇತ್ತು. ಒಂದೇ ಕಾರಣಕ್ಕೆ ಅಷ್ಟು ದೊಡ್ಡ ಸಂಸ್ಥೆ ಬೀಳುವುದಿಲ್ಲ. ಆದರೆ ಯಾವ ಟಿವಿ ಯಾರಿಗೆ ಸರಿ ಅಂತ ಹೇಳಬಲ್ಲವರನ್ನೇ ಹೊರಗೆ ಕಳಿಸಿದ ಮೇಲೆ, ಗ್ರಾಹಕ ಆ ಮಳಿಗೆಗೆ ಹೋಗಲು ಉಳಿದ ಕಾರಣವಾದರೂ ಏನು?

ಚಾಟ್‌ಬಾಟ್ ವಿಷಯ ಜಾಸ್ತಿ ಎಳೆಯುವುದಿಲ್ಲ. ಏರ್ ಕೆನಡಾ ವಿಮಾನ ಸಂಸ್ಥೆಯ ಚಾಟ್‌ಬಾಟ್ ಒಬ್ಬ ಪ್ರಯಾಣಿಕನಿಗೆ ತಪ್ಪು ಮಾಹಿತಿ ಕೊಟ್ಟಿತ್ತು. ಆ ಬಾಟ್ ಹೇಳಿದ್ದಕ್ಕೆ ತಾನು ಹೊಣೆಯಲ್ಲ ಅನ್ನುವ ಧಾಟಿಯಲ್ಲಿ ಸಂಸ್ಥೆ ವಾದಿಸಿತು. 2024ರ ಫೆಬ್ರವರಿಯಲ್ಲಿ ಅಲ್ಲಿನ ನ್ಯಾಯಮಂಡಳಿ ಆ ವಾದವನ್ನು ತಳ್ಳಿಹಾಕಿ ಪರಿಹಾರ ಕೊಡಿಸಿತು. ನಿಮ್ಮ ಬಾಟ್ ಹೇಳಿದ್ದೂ ನೀವು ಹೇಳಿದ್ದೇ. ಇದು ನೆನಪಿರಲಿ.

ಇನ್ನು ಆನ್‌ಲೈನ್ ಮಾರುಕಟ್ಟೆಗಳವರಿಗೆ ಬೇರೆಯಾಗಿ ಒಂದು ಮಾತು. ನಿಮ್ಮ ಅಂಗಳದಲ್ಲಿ ಮಾರುತ್ತಿರುವವರಲ್ಲಿ ಎಷ್ಟೋ ಜನ ಸಣ್ಣವರೇ. ಅಮೆಜಾನ್‌ನಲ್ಲಿ 1999ರಲ್ಲಿ ಹೊರಗಿನ ಮಾರಾಟಗಾರರ ಪಾಲು ಒಟ್ಟು ಸರಕು ಮಾರಾಟದಲ್ಲಿ ಶೇ. 3 ಇತ್ತು. 2018ರ ಹೊತ್ತಿಗೆ ಶೇ. 58 ಆಗಿತ್ತು. ಈ ಲೆಕ್ಕ ಕೊಟ್ಟವರು ಸ್ವತಃ ಜೆಫ್ ಬೆಜೋಸ್, ಷೇರುದಾರರಿಗೆ ಬರೆದ ಪತ್ರದಲ್ಲಿ. ಅಂದಮೇಲೆ ನಿಮ್ಮ ದೂರು ವಿಭಾಗ ಕೆಟ್ಟರೆ ಪೆಟ್ಟು ಬೀಳುವುದು ಕೊಂಡವರಿಗೆ ಮಾತ್ರ ಅಲ್ಲ. ಡಬ್ಬಿ ಒಡೆದದ್ದು ಸಾಗಣೆಯಲ್ಲಿ, ಒಂದು ನಕ್ಷತ್ರ ಬಿದ್ದದ್ದು ಮಾರಿದವರಿಗೆ. ಬಳಸಿದ ಬಟ್ಟೆ ವಾಪಸ್ ಬಂದರೂ ದುಡ್ಡು ಅವರ ಖಾತೆಯಿಂದಲೇ ಹೋಗುತ್ತದೆ. ಒಂದು ದಿನ ಖಾತೆಯೇ ಬಂದ್ ಆಗುತ್ತದೆ. ಕಾರಣ ಕೇಳಿದರೆ “ನೀತಿ ಉಲ್ಲಂಘನೆ” ಅಂತ ಎರಡೇ ಪದ. ಯಾವ ನೀತಿ, ಯಾವ ಸರಕು, ಯಾರು ತೀರ್ಮಾನಿಸಿದರು, ಒಂದೂ ಇಲ್ಲ. ಕೈಕೆಲಸದ ವಸ್ತುಗಳ ಮಾರುಕಟ್ಟೆ ಎಟ್ಸಿ 2022ರಲ್ಲಿ ತನ್ನ ಕಮಿಷನ್ನನ್ನು ಶೇ. 5ರಿಂದ ಶೇ. 6.5ಕ್ಕೆ ಏರಿಸಿದಾಗ ಸಾವಿರಾರು ಮಾರಾಟಗಾರರು ಒಂದು ವಾರ ತಮ್ಮ ಆನ್‌ಲೈನ್ ಅಂಗಡಿಗಳನ್ನು ಮುಚ್ಚಿ ಪ್ರತಿಭಟಿಸಿದರು. ಅವರ ಬೇಡಿಕೆಗಳಲ್ಲಿ ಕಮಿಷನ್ ಒಂದೇ ಇರಲಿಲ್ಲ, ತಮ್ಮ ಸಮಸ್ಯೆ ಕೇಳುವ ವ್ಯವಸ್ಥೆ ಸರಿಮಾಡಿ ಅನ್ನುವುದೂ ಇತ್ತು. ಯುರೋಪ್ ಒಕ್ಕೂಟ 2020ರ ಜುಲೈಯಿಂದ ಇದಕ್ಕೊಂದು ನಿಯಮ ಜಾರಿಗೆ ತಂದಿದೆ. ಮಾರಾಟಗಾರರ ಖಾತೆ ತಡೆಹಿಡಿದರೆ ಕಾರಣ ಬರೆದು ಕೊಡಬೇಕು. ಪೂರ್ತಿ ಮುಚ್ಚುವುದಾದರೆ ಸಾಮಾನ್ಯವಾಗಿ 30 ದಿನ ಮೊದಲೇ ತಿಳಿಸಬೇಕು. ಕಾನೂನು ಬಂದ ಕಡೆ ನಿಮಗೆ ಇದು ಸಾಧ್ಯವಾಗುತ್ತದೆ ಅಂದರೆ, ಕಾನೂನು ಇಲ್ಲದ ಕಡೆಯೂ ಸಾಧ್ಯ ಅಲ್ವಾ?

ಹಾಗಾದರೆ ನಾನು ಕೇಳುತ್ತಿರುವುದೇನು? ದೂರು ಕೇಳುವ ವ್ಯಕ್ತಿಗೆ ಒಂದು ಮಿತಿಯವರೆಗೆ ಸ್ಥಳದಲ್ಲೇ ತೀರ್ಮಾನಿಸುವ ಅಧಿಕಾರ ಕೊಡಿ. ಒಂದು ರಬ್ಬರ್ ಬದಲಾಯಿಸಲು, ಒಂದು ಸಣ್ಣ ಮೊತ್ತ ವಾಪಸ್ ಕೊಡಲು ಮಳಿಗೆಯ ಮ್ಯಾನೇಜರ್ ಮೇಲಿನವರ ಮುಖ ನೋಡುವಂತಾಗಬಾರದು. ಅವರನ್ನು ನಂಬಿ ಇಡೀ ಮಳಿಗೆ ಒಪ್ಪಿಸಿದ್ದೀರಿ, ಒಂದು ರಬ್ಬರ್ ವಿಷಯದಲ್ಲಿ ಯಾಕೆ ನಂಬುವುದಿಲ್ಲ? ಎರಡನೆಯದು, ಗ್ರಾಹಕ “ಆಯಿತು” ಅನ್ನುವವರೆಗೆ ದೂರನ್ನು ಮುಚ್ಚಬೇಡಿ. ಇದಕ್ಕೆ ಹೊಸ ಯಂತ್ರ ಬೇಡ, ಹೆಚ್ಚಿನ ಜನ ಬೇಡ, ಒಂದು ನಿಯಮ ಬದಲಾದರೆ ಸಾಕು. ದೂರು ಒಬ್ಬರ ಹೆಸರಿನಲ್ಲಿ ಇರಲಿ. ನಾನು ಮತ್ತೆ ಫೋನ್ ಮಾಡಿದಾಗ ಮೊದಲಿಂದ ಕಥೆ ಹೇಳುವಂತಾಗಬಾರದು. ಮನುಷ್ಯರ ಜೊತೆ ಮಾತಾಡುವ ದಾರಿಯನ್ನು ಆ್ಯಪಿನ ಏಳು ಪರದೆಗಳ ಹಿಂದೆ ಬಚ್ಚಿಡಬೇಡಿ. ತಿಂಗಳಿಗೊಮ್ಮೆಯಾದರೂ ನಿಮ್ಮಲ್ಲಿ ಒಬ್ಬರು, ಹೌದು, ಆಡಳಿತ ಮಂಡಳಿಯವರೇ ಒಬ್ಬರು, ಹೆಡ್‌ಫೋನ್ ಹಾಕಿಕೊಂಡು ಕಾಲ್ ಸೆಂಟರಿನಲ್ಲಿ ಒಂದು ಹೊತ್ತು ಕೂತು ಕೇಳಿ. 1962ರ ಮಾರ್ಚ್ 15ರಂದು ಅಮೆರಿಕದ ಅಧ್ಯಕ್ಷ ಕೆನಡಿ ಅಲ್ಲಿನ ಸಂಸತ್ತಿಗೆ ಕಳಿಸಿದ ಸಂದೇಶದಲ್ಲಿ ಗ್ರಾಹಕರ ನಾಲ್ಕು ಹಕ್ಕುಗಳನ್ನು ಹೇಳಿದರು. ಸುರಕ್ಷತೆ, ಮಾಹಿತಿ, ಆಯ್ಕೆ, ನಾಲ್ಕನೆಯದಾಗಿ ತನ್ನ ಮಾತು ಕೇಳಿಸಿಕೊಳ್ಳಬೇಕೆನ್ನುವ ಹಕ್ಕು. ಮೊದಲ ಮೂರರಲ್ಲಿ ನೀವು ಅಷ್ಟೇನೂ ಹಿಂದೆ ಬಿದ್ದಿಲ್ಲ. ಆಯ್ಕೆಯಂತೂ ಬೇಕಾದ್ದಕ್ಕಿಂತ ಜಾಸ್ತಿಯೇ ಕೊಟ್ಟಿದ್ದೀರಿ. ನಾಲ್ಕನೆಯದನ್ನು ಒಂದು ರೆಕಾರ್ಡ್ ಮಾಡಿದ ದನಿಗೆ ವಹಿಸಿ ಕೈ ತೊಳೆದುಕೊಂಡಿದ್ದೀರಿ.

ಈಗ ಈ ಪತ್ರದ ಪ್ರತಿ ಪಡೆದವರ ಕಡೆ ತಿರುಗುತ್ತೇನೆ.

ಸಣ್ಣ ವ್ಯಾಪಾರಿ ಮಿತ್ರರೇ, ಆ ಫ್ರಿಜ್ ಕೊನೆಗೆ ಸರಿಹೋದದ್ದು ನಿಮ್ಮಲ್ಲೊಬ್ಬರಿಂದ. ಒಬ್ಬರೇ ಕೂತು ರಿಪೇರಿ ಅಂಗಡಿ ನಡೆಸುವವರು ಬಂದು ನೋಡಿದರು. “ಪ್ಯಾಕಿಂಗ್‌ನಲ್ಲಿ ಒತ್ತಿ ಹೀಗಾಗಿದೆ, ರಬ್ಬರ್ ಹರಿದಿಲ್ಲ” ಅಂದರು. ಕೂದಲು ಒಣಗಿಸುವ ಯಂತ್ರ ಇದೆಯಾ ಅಂತ ಕೇಳಿ, ಅದರ ಬಿಸಿಗಾಳಿ ಹಿಡಿದು ರಬ್ಬರನ್ನು ಮೆತ್ತಗೆ ಮಾಡಿ, ಬೆರಳಿನಿಂದ ಎಳೆದು ಕೂರಿಸಿದರು. ವಾರಂಟಿ ಹೋಗಲ್ಲ ತಾನೇ ಅಂದೆ. “ಏನನ್ನೂ ಬಿಚ್ಚಿಲ್ಲವಲ್ಲ ಸರ್. ನಾಳೆವರೆಗೆ ನೋಡಿ, ಮತ್ತೆ ಎದ್ದರೆ ನನಗೇ ಫೋನ್ ಮಾಡಿ” ಅಂದರು. ಕೊಟ್ಟದ್ದು ಅವರದೇ ನಂಬರು. ದೂರು ಕೇಳಿದವರೂ ಅವರೇ, ತೀರ್ಮಾನಿಸಿದವರೂ ಅವರೇ, ಕೈ ಹಾಕಿದವರೂ ಅವರೇ.

ನಿಮ್ಮ ಬಂಡವಾಳ ಇದೇ. ಬೆಲೆಯಲ್ಲಿ ದೊಡ್ಡವರ ಜೊತೆ ಗುದ್ದಾಡಿ ಗೆಲ್ಲುವುದು ಕಷ್ಟ. ಅವರು ಒಂದೇ ಆರ್ಡರಿನಲ್ಲಿ ಕೊಳ್ಳುವಷ್ಟನ್ನು ನೀವು ವರ್ಷವಿಡೀ ಮಾರುವುದಿಲ್ಲ. ಆದರೆ ಒಬ್ಬ ಗ್ರಾಹಕನ ಮಾತು ಕೇಳಿ ಅರ್ಧ ಗಂಟೆಯಲ್ಲಿ ನಿಯಮ ಬದಲಾಯಿಸಲು ನಿಮಗೆ ಯಾವ ಮೀಟಿಂಗೂ ಬೇಡ. ಇದನ್ನು ದೊಡ್ಡವರಲ್ಲೇ ಕೆಲವರು ಕಂಡುಕೊಂಡಿದ್ದಾರೆ. ಜೇಮ್ಸ್ ಡಾಂಟ್ ಲಂಡನ್ನಿನಲ್ಲಿ 1990ರಲ್ಲಿ ಸ್ವಂತ ಪುಸ್ತಕದಂಗಡಿ ತೆರೆದವರು. 2011ರಲ್ಲಿ ಬ್ರಿಟನ್ನಿನ ವಾಟರ್‌ಸ್ಟೋನ್ಸ್ ಸರಣಿ, 2019ರಲ್ಲಿ ಅಮೆರಿಕದ ಬಾರ್ನ್ಸ್ ಆ್ಯಂಡ್ ನೋಬಲ್ ಸರಣಿ ಅವರ ಕೈಗೆ ಬಂದವು. ಎರಡೂ ಆಗ ಏದುಸಿರು ಬಿಡುತ್ತಿದ್ದವು. ಅವರು ಮಾಡಿದ ಮುಖ್ಯ ಕೆಲಸ, ಯಾವ ಮಳಿಗೆಯಲ್ಲಿ ಯಾವ ಪುಸ್ತಕ ಮುಂದಿಡಬೇಕು ಅನ್ನುವ ತೀರ್ಮಾನವನ್ನು ಕೇಂದ್ರ ಕಚೇರಿಯಿಂದ ಕಿತ್ತು ಆಯಾ ಮಳಿಗೆಯವರಿಗೇ ಕೊಟ್ಟದ್ದು. ದೊಡ್ಡ ಸರಣಿಯನ್ನು ಸಣ್ಣ ಅಂಗಡಿಗಳ ಗುಂಪಿನಂತೆ ನಡೆಸಿದರು, ಎರಡೂ ಚೇತರಿಸಿಕೊಂಡವು. ನೆದರ್‌ಲ್ಯಾಂಡ್ಸ್‌ನ ಜಂಬೊ ಸೂಪರ್ ಮಾರ್ಕೆಟ್ 2019ರಲ್ಲಿ ಹರಟೆಯ ಕೌಂಟರ್ ಒಂದನ್ನು ಶುರುಮಾಡಿತು. ಅವಸರವಿಲ್ಲದವರು, ಅದರಲ್ಲೂ ಒಂಟಿಯಾಗಿರುವ ಹಿರಿಯರು, ಅಲ್ಲಿ ನಿಧಾನವಾಗಿ ಮಾತಾಡುತ್ತಾ ಬಿಲ್ ಮಾಡಿಸಬಹುದು. ಆಮೇಲೆ ಅದನ್ನು ಇನ್ನಷ್ಟು ಮಳಿಗೆಗಳಿಗೆ ಹಬ್ಬಿಸಿದರು. ನಿಮ್ಮ ಅಂಗಡಿಯಲ್ಲಿ ದಿನಾ ಪುಕ್ಕಟೆಯಾಗಿ ನಡೆಯುವುದನ್ನು ಅವರು ಯೋಜನೆ ಹಾಕಿ ತರಬೇಕಾಯಿತು!

ಆದರೆ ನಿಮ್ಮ ಮೇಲೂ ನನಗೆ ಸಿಟ್ಟಿದೆ, ಅದನ್ನೂ ಹೇಳಿಬಿಡುತ್ತೇನೆ. ಸಣ್ಣ ಅಂಗಡಿ ಅಂದ ಮಾತ್ರಕ್ಕೆ ಸೇವೆ ಚೆನ್ನಾಗಿರುವುದಿಲ್ಲ. “ಮಾರಿದ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲ” ಅಂತ ಬೋರ್ಡು ಹಾಕಿ, ಆಮೇಲೆ ಗ್ರಾಹಕರೆಲ್ಲ ಆನ್‌ಲೈನ್‌ಗೆ ಹೋದರು ಅಂತ ಗೊಣಗಿದರೆ ಏನು ಪ್ರಯೋಜನ? ದೊಡ್ಡವರು ಕೊಡುವ ಅತಿ ದೊಡ್ಡ ಧೈರ್ಯವೇ ವಾಪಸಾತಿ. ಅದು ಕುಂಟುತ್ತಾ ನಡೆದರೂ ಜನ ನಂಬುವುದು ಅದನ್ನೇ. ನಿಮಗೆ ಎಲ್ಲವನ್ನೂ ವಾಪಸ್ ತೆಗೆದುಕೊಳ್ಳಲು ಆಗದಿರಬಹುದು. ಆದರೆ ಏನನ್ನು, ಎಷ್ಟು ದಿನದೊಳಗೆ, ಯಾವ ಸ್ಥಿತಿಯಲ್ಲಿ ಅಂತ ಬಿಲ್ಲಿನ ಹಿಂದೆ ನಾಲ್ಕು ಸಾಲು ಬರೆದು ಕೊಡಲು ಆಗುತ್ತದೆ. ಬಾಯಿಮಾತಿನಲ್ಲಿ “ನೋಡೋಣ ಬಿಡಿ” ಅನ್ನುವುದಕ್ಕಿಂತ ಅದು ಎಷ್ಟೋ ಮೇಲು.

ಮೆಸೇಜಿಗೆ ಉತ್ತರ ಕೊಡಿ. ಗೊತ್ತಿಲ್ಲದಿದ್ದರೆ “ಗೊತ್ತಿಲ್ಲ, ಸಂಜೆಯೊಳಗೆ ಕೇಳಿ ಹೇಳುತ್ತೇನೆ” ಅನ್ನಿ, ಸಂಜೆಯೊಳಗೆ ಹೇಳಿ. ಸರಕು ಇನ್ನೂ ಬಂದಿಲ್ಲ ಅಂದರೆ ಬಂದಿಲ್ಲ ಅನ್ನಿ. ಸುಮ್ನೆ “ದಾರಿಯಲ್ಲಿದೆ” ಅನ್ನುವುದರಲ್ಲಿ ದೊಡ್ಡವರು ನಿಮಗಿಂತ ಪಳಗಿದವರು, ಆ ಆಟ ನಿಮಗೆ ಬೇಡ. ಆನ್‌ಲೈನ್‌ನಲ್ಲಿ ಮಾರುವವರು ಪ್ಯಾಕ್ ಮಾಡುವಾಗ ಒಂದು ಫೋಟೋ ತೆಗೆದಿಡಿ. ಜಗಳ ಬಂದರೆ ನಿಮಗೆ ಆಧಾರ, ಬರದಿದ್ದರೆ ಗ್ರಾಹಕರಿಗೆ ಕಳಿಸಿದರೆ ಅವರಿಗೆ ನೆಮ್ಮದಿ. ಬಿಡಿಭಾಗ ಇಟ್ಟುಕೊಳ್ಳಿ. ದೊಡ್ಡ ಮಳಿಗೆಯವರು ಪೂರ್ತಿ ಯಂತ್ರ ಮಾರುತ್ತಾರೆ, ಅದರ ಒಂದು ಸಣ್ಣ ಮುಚ್ಚಳ, ಒಂದು ಸ್ಕ್ರೂ, ಒಂದು ಪಟ್ಟಿ ಕೇಳಿದರೆ ಅವರ ಬಳಿ ಇರುವುದಿಲ್ಲ. ಆ ಮುಚ್ಚಳ ಹುಡುಕಿಕೊಂಡು ಬಂದವರು ನಾಳೆ ಯಂತ್ರಕ್ಕೂ ನಿಮ್ಮಲ್ಲಿಗೇ ಬಂದಾರು. ನಿಮ್ಮಲ್ಲಿ ಇಲ್ಲದ್ದು ಪಕ್ಕದವರಲ್ಲಿದ್ದರೆ ಅವರಲ್ಲಿಗೆ ಕಳಿಸಿ. “ಇದು ನಿಮಗೆ ಬೇಡ, ಇದಕ್ಕಿಂತ ಕಡಿಮೆಯದೇ ಸಾಕು” ಅಂತ ಹೇಳುವ ಧೈರ್ಯ ಮಾಡಿ. ಹೆಚ್ಚು ಬೆಲೆಯ ಸರಕು ಮಾರಲೇಬೇಕು ಅನ್ನುವ ಗುರಿ ತಲೆ ಮೇಲಿರುವ ಪ್ರೊಮೋಟರ್ ಆ ಮಾತನ್ನು ಹೇಳಲಾರ.

ನಿಮ್ಮ ಬೆಲೆ ಸ್ವಲ್ಪ ಜಾಸ್ತಿ ಇದ್ದರೆ ಅದಕ್ಕೆ ನಾಚಬೇಡಿ. ಯಾಕೆ ಜಾಸ್ತಿ ಅಂತ ಹೇಳಿ. ಬಂದು ಜೋಡಿಸಿಕೊಡುತ್ತೇನೆ, ಕೆಟ್ಟರೆ ನಾನೇ ನೋಡುತ್ತೇನೆ, ಅದಕ್ಕೆ ಇಷ್ಟು ಅನ್ನಿ. ಎಲ್ಲರೂ ಒಪ್ಪುವುದಿಲ್ಲ. ಆದರೆ ಒಮ್ಮೆ ದೊಡ್ಡ ಮಳಿಗೆಯ ದೂರು ವಿಭಾಗದಲ್ಲಿ ಅಲೆದವರು ಖಂಡಿತ ಒಂದು ಕ್ಷಣ ಯೋಚಿಸುತ್ತಾರೆ.

ಮಾನ್ಯ ಆಡಳಿತದವರೇ, ಮತ್ತೆ ನಿಮ್ಮಲ್ಲಿ. ಈ ಪತ್ರಕ್ಕೆ ನೀವು ಉತ್ತರ ಕೊಡುವುದಾದರೆ ಒಂದು ಕೋರಿಕೆ. “ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ” ಅನ್ನುವ ಸಿದ್ಧ ಪತ್ರ ಬೇಡ. ಕಳೆದ ತಿಂಗಳು ನಿಮ್ಮಲ್ಲಿ ಬಗೆಹರಿದಿವೆ ಅಂತ ಮುಚ್ಚಿದ ದೂರುಗಳಲ್ಲಿ ಎಷ್ಟನ್ನು ಗ್ರಾಹಕರು ಮತ್ತೆ ತೆರೆಸಿದರು, ಆ ಲೆಕ್ಕ ಪ್ರಕಟಿಸಿ. ಉತ್ತರದ ಕೆಳಗೆ ಬರೆದವರ ಹೆಸರು ಹಾಕಿ, ತಿರುಗಿ ಫೋನ್ ಮಾಡಿದರೆ ಅವರೇ ಎತ್ತುವ ನಂಬರನ್ನೂ ಹಾಕಿ.

ಇಂತಿ,
ನಿಮ್ಮ ಲೆಕ್ಕದಲ್ಲಿ ಸಂತೃಪ್ತನಾಗಿರುವ ಒಬ್ಬ ಗ್ರಾಹಕ